ಬೋಣಿ ಹೊತ್ತಿನ ಕೆಂಪು ಪಟ್ಟಿ

ಉಗ್ರಾಣದ ಬೀಗ ತೆಗೆದವರು ಮೊದಲು ಹೋಗಬೇಕಾದದ್ದು ಅನುಮಾನದ ಮೇಲೆ ತಡೆಹಿಡಿದ ಮಾಲಿನ ಕಪಾಟಿಗೆ. ಒಳ್ಳೆಯ ಮಾಲನ್ನು ಆಮೇಲೆ ನೋಡಿದರೂ ನಡೆಯುತ್ತದೆ. ಕುಷಾಯಿಗೂಡದ ಸರ್ಕಾರಿ ಎಲೆಕ್ಟ್ರಾನಿಕ್ಸ್ ಕಾರ್ಖಾನೆಗೆ ನಾನು ಸೇರಿದ ಹೊಸತರಲ್ಲಿ ಕಲಿಸಿದ ಪಾಠ ಇದು. ಸೈರನ್ ಕೂಗುವ ಮೊದಲೇ ಗೇಟಿನ ಒಳಗಿರಬೇಕು, ಬೀಗ ತೆಗೆಯಬೇಕು, ನೇರವಾಗಿ ಕೆಂಪು ಚೀಟಿ ಕಟ್ಟಿದ ಕಪಾಟಿಗೆ ಹೋಗಿ ಒಂದೊಂದು ಡಬ್ಬವನ್ನೂ ಕೈಯಿಂದ ಮುಟ್ಟಿ ನೋಡಬೇಕು. ಕಣ್ಣಿಂದ ನೋಡಿದರೆ ಸಾಲದು. ಕಣ್ಣು ನಿನ್ನೆ ಕಂಡದ್ದನ್ನೇ ಇವತ್ತೂ ಕಾಣುತ್ತದೆ, ಕೈ ಹಾಗಲ್ಲ ಎಂದು ನನ್ನ ಮೇಲಧಿಕಾರಿ ಹೇಳುತ್ತಿದ್ದರು. ಬೀದರ ಜಿಲ್ಲೆಯಿಂದ ಬಂದ ಹುಡುಗಿ ನಾನು, ಹೇಳಿದ್ದನ್ನು ಹೇಳಿದಂತೆ ಮಾಡಿದೆ. ಕೂದಲು ಬೆಳ್ಳಗಾಗುವವರೆಗೂ ಮಾಡಿದೆ.

ಸ್ವಯಂನಿವೃತ್ತಿ ತೆಗೆದುಕೊಂಡು ಮನೆಯಲ್ಲಿ ಕೂತರೆ ಕೈಗೆ ಕೆಲಸವಿಲ್ಲ. ಯಜಮಾನರು ಬ್ಯಾಂಕಿನಿಂದ ನಿವೃತ್ತರಾಗಿದ್ದರು. ಸಕ್ಕರೆ ಕಾಯಿಲೆ ಬಹಳ ಹಳೆಯದು, ಎರಡು ಹೊತ್ತೂ ಇನ್ಸುಲಿನ್ ಚುಚ್ಚಿಕೊಳ್ಳಬೇಕು. ಅದೊಂದನ್ನು ಬಿಟ್ಟರೆ ಪತ್ರಿಕೆ, ವಾಕಿಂಗ್, ನನ್ನ ಅಡುಗೆಯ ಬಗ್ಗೆ ಅಭಿಪ್ರಾಯ. ಅಷ್ಟರಲ್ಲಿ ನಮ್ಮ ಬಡಾವಣೆಯಾಚೆ ಒಂದು ಔಷಧ ಸಗಟು ಕಂಪನಿ ದೊಡ್ಡ ಗೋದಾಮು ಕಟ್ಟಿತು. ಬೇಗಂ ಬಜಾರಿನ ಒಂದು ಹಳೆಯ ಅಂಗಡಿಯಿಂದ ಬೆಳೆದ ಕಂಪನಿ ಅದು. ಕೋಲ್ಡ್ ರೂಮಿಗೆ ಶಿಸ್ತಿನವರು ಬೇಕು ಎಂದು ಯಾರೋ ನನ್ನ ಹೆಸರು ಹೇಳಿದರು. ಹೋದೆ. ಕೋಲ್ಡ್ ರೂಮ್ ನನ್ನ ಕೈಗೆ ಬಂತು.

ಊರಿನ ಪಶ್ಚಿಮಕ್ಕೆ ಗಾಜಿನ ಕಟ್ಟಡಗಳು ಏಳುತ್ತಿದ್ದ ವರ್ಷಗಳವು. ಕಂಪ್ಯೂಟರ್ ಇಲ್ಲದ ಕಂಪನಿಯನ್ನು ಕಂಪನಿ ಎನ್ನುವಂತಿರಲಿಲ್ಲ. ನಮ್ಮಲ್ಲೂ ಸಾಫ್ಟ್‌ವೇರ್ ಬಂತು. ಮಾಲು ಬಂದದ್ದು, ಹೋದದ್ದು, ಬಿಲ್ಲು, ಸಾಗಣೆ ಎಲ್ಲ ಅದರಲ್ಲೇ. ಅದರ ಜೊತೆಗೆ ಬಂದವನು ಅಡ್ಮಿನ್. ಯಾದಗಿರಿ ಕಡೆಯವನು, ನಲವತ್ತು ದಾಟಿದ್ದವನು, ಯಾವಾಗಲೂ ಅರ್ಧ ತೋಳಿನ ಅಂಗಿ. ಯಾರಿಗೆ ಏನು ಕಾಣಬೇಕು, ಯಾರು ಯಾವುದನ್ನು ಮುಟ್ಟಬಹುದು ಎಂಬುದು ಅವನ ಕೈಯಲ್ಲಿತ್ತು. ಅವನ ಹೆಸರು ಹಿಡಿದು ಕರೆದವರನ್ನು ನಾನು ಕಾಣೆ, ಎಲ್ಲರಿಗೂ ಅಡ್ಮಿನ್.

ಪಾಸ್‌ವರ್ಡ್ ಹಾಕಿ ಒಳಗೆ ಹೋದ ಕೂಡಲೇ ಒಂದು ಪುಟ ತೆರೆದುಕೊಳ್ಳುತ್ತಿತ್ತು, ಹೋಮ್ ಪೇಜ್. ಅದರಲ್ಲಿ ಚೌಕಗಳು. ಯಾವ ಚೌಕ ಬೇಕು, ಯಾವುದು ಮೇಲೆ, ಯಾವುದು ಕೆಳಗೆ ಎಂದು ಅವರವರೇ ಜೋಡಿಸಿಕೊಳ್ಳಬಹುದಿತ್ತು. ನನ್ನ ಪಕ್ಕದಲ್ಲಿ ಕುರ್ಚಿ ಎಳೆದುಕೊಂಡು ಕೂತು ಆತ ಕಲಿಸಿದ.

“ಅಕ್ಕಾರ, ಇದು ನಿಮ್ಮ ಮನಿ ಅಂಗಳ ಇದ್ದಂಗ ನೋಡ್ರಿ. ರಂಗೋಲಿ ಯಾವ್ದರ ಹಾಕ್ರಿ. ನಾ ಬಂದು ಒರಸಾಂಗಿಲ್ಲ.”

“ಒರಸಾಕ ಬರ್ತೈತೇನು ನಿನಗ?”

“ಬರ್ತೈತ್ರಿ. ಆದ್ರ ಒರಸಾಂಗಿಲ್ಲ.”

ಬಿಲ್ಲಿಂಗಿನ ಹುಡುಗಿಯರು ತಮ್ಮ ಪುಟದ ತಲೆಯ ಮೇಲೆ ಹೂವಿನ ಚಿತ್ರ ಇಟ್ಟರು. ಸಾಗಣೆಯವನು ಕ್ರಿಕೆಟ್ ಸ್ಕೋರು ತರಿಸಲು ನೋಡಿ ಸೋತ. ಹಮಾಲರ ಮೇಸ್ತ್ರಿ ಲಾರಿಗಳ ಚೌಕವೊಂದನ್ನೇ ಪುಟ ತುಂಬ ಹಿಗ್ಗಿಸಿಕೊಂಡ. ನಾನು ನನ್ನ ದಿನದ ಕೆಲಸದ ಕ್ರಮದಲ್ಲೇ ಚೌಕಗಳನ್ನಿಟ್ಟೆ. ಎಲ್ಲಕ್ಕಿಂತ ಮೇಲೆ ತಡೆಹಿಡಿದ ಮಾಲು. ಅಲ್ಲಿ ಏನಾದರೂ ಇದ್ದರೆ ಅಗಲವಾದ ಕೆಂಪು ಪಟ್ಟಿ ಕಾಣುತ್ತಿತ್ತು. ಪಟ್ಟಿಯ ಬಲತುದಿಗೆ ‘ಮುಂದುವರಿಸು’ ಎಂಬ ಗುಂಡಿ.

ಆ ಗುಂಡಿಯ ಬಗ್ಗೆ ಈಗಲೇ ಹೇಳಬೇಕು. ನಮ್ಮ ಸಾಫ್ಟ್‌ವೇರಿನಲ್ಲಿ ತಡೆಯ ಆಯುಷ್ಯ ಒಂದು ವಾರ. ಕೊನೆಯ ದಿನ ಗುಂಡಿ ಒತ್ತಿದರೆ ಇನ್ನೊಂದು ವಾರ. ಒತ್ತದಿದ್ದರೆ ತಡೆ ತಾನಾಗಿ ಕಳಚಿ ಮಾಲು ಮಾರಾಟಕ್ಕೆ ಸೇರುತ್ತಿತ್ತು. ಮರೆತುಹೋದ ಮಾಲಿನಿಂದ ಗೋದಾಮು ತುಂಬಬಾರದು ಎಂದು ಮಾಡಿದ ಏರ್ಪಾಡು. ಹೀಗೆ ಕಳಚಿದ ತಡೆಯ ಪಕ್ಕದಲ್ಲಿ ಯಾರ ಹೆಸರೂ ಬರುತ್ತಿರಲಿಲ್ಲ. ಯಾರೂ ಬಿಟ್ಟದ್ದಲ್ಲ, ಅದೇ ಬಿಟ್ಟುಹೋದದ್ದು. ಮೊದಲ ಸಲ ಕೇಳಿದಾಗಲೇ ನನಗೆ ಈ ಏರ್ಪಾಡು ಸರಿಬರಲಿಲ್ಲ. ಕಾರ್ಖಾನೆಯಲ್ಲಿ ಕೆಂಪು ಚೀಟಿ ಬಿಚ್ಚಲು ಸಹಿ ಬೇಕಾಗಿತ್ತು.

ಹೊಸ ಮುಖ್ಯಸ್ಥರು ಬಂದದ್ದು ಆ ಬೇಸಿಗೆಯಲ್ಲಿ. ಇಡೀ ಕಂಪನಿಯ ವ್ಯವಹಾರ ನೋಡಿಕೊಳ್ಳಲು ಹೊರಗಿನಿಂದ ಕರೆಸಿದ್ದರು. ಮೃದು ಮಾತು, ಇಂಗ್ಲಿಷ್ ಮತ್ತು ಹಿಂದಿ, ಯಾರ ಮೇಲೂ ದನಿ ಏರಿಸಿದ್ದನ್ನು ನಾನು ಕೇಳಲಿಲ್ಲ. ಗೋದಾಮಿನಲ್ಲಿ ಒಂದು ಸುತ್ತು ಬಂದು ಎಲ್ಲರ ಪರದೆ ನೋಡಿದರು. ಹೂವು ನೋಡಿದರು, ಲಾರಿ ನೋಡಿದರು, ನನ್ನದನ್ನೂ ನೋಡಿದರು.

“ಒಂದೊಂದು ಪರದೆ ಒಂದೊಂದು ಥರ. ಇದು ಆಫೀಸೋ, ಸಂತೆಯೋ?” ಎಂದು ನಕ್ಕರು. “ಎಲ್ಲರಿಗೂ ಒಂದೇ ಪುಟ ಮಾಡೋಣ. ಮೇಲೆ ಹಸಿರು, ನಿನ್ನೆಯ ಮಾರಾಟ. ಶೇಠಜಿಗೂ ಖುಷಿ.”

ಶೇಠಜಿ ಎಂದರೆ ಮಾಲೀಕರು. ತೀರ ವಯಸ್ಸಾದವರು. ಕಂಪನಿ ಎಷ್ಟು ಬೆಳೆದರೂ ಅವರು ಕೂರುತ್ತಿದ್ದದ್ದು ಬೇಗಂ ಬಜಾರಿನ ಅದೇ ಹಳೆಯ ಅಂಗಡಿಯ ಗಾದಿಯ ಮೇಲೆ. ಅಲ್ಲಿ ಅವರೆದುರು ಒಂದು ಕಂಪ್ಯೂಟರ್ ಇಟ್ಟಿದ್ದರು. ದಿನವೂ ಬೆಳಗ್ಗೆ ಅಂಗಡಿ ತೆರೆದು, ಊದುಬತ್ತಿ ಬೆಳಗಿ, ಪರದೆಗೂ ಒಂದು ಸುತ್ತು ಹೊಗೆ ತೋರಿಸಿ ಆಮೇಲೆ ಅದನ್ನು ತೆರೆಸುತ್ತಿದ್ದರಂತೆ. ಅವರಿಗೆ ಅದು ಬೋಣಿಯ ಹೊತ್ತು, ದಿನದ ಮೊದಲ ವ್ಯಾಪಾರದ ಹೊತ್ತು. ಮೊದಲ ಗಿರಾಕಿಯನ್ನು ಬರಿಗೈಯಲ್ಲಿ ಕಳಿಸಬಾರದು, ಮೊದಲು ಕಣ್ಣಿಗೆ ಬಿದ್ದದ್ದು ಅಶುಭವಾಗಿರಬಾರದು. ಈ ನಿಯಮಗಳನ್ನು ಆ ಬಜಾರಿನಲ್ಲಿ ಯಾರೂ ಯಾರಿಗೂ ಹೇಳಿಕೊಡಬೇಕಾಗಿಲ್ಲ. ದೀಪಾವಳಿ ಪೂಜೆಯಲ್ಲಿ ನಾನು ಅವರನ್ನು ಕಂಡಿದ್ದೆನೇ ಹೊರತು ಮಾತಾಡಿರಲಿಲ್ಲ.

ಇನ್ಸುಲಿನ್ ತಂದ ವ್ಯಾನು ದಾರಿಯಲ್ಲಿ ಕೆಟ್ಟು ನಿಂತದ್ದು ಅದೇ ದಿನಗಳಲ್ಲಿ. ಜಹೀರಾಬಾದ್ ಹತ್ತಿರ ತಂಪಿನ ಯಂತ್ರ ನಿಂತುಹೋಗಿತ್ತು. ಮೇ ತಿಂಗಳ ಬಿಸಿಲು. ಚಾಲಕ ಮೆಕ್ಯಾನಿಕ್ ಹುಡುಕಿಕೊಂಡು ಹೋದ, ವ್ಯಾನು ರಸ್ತೆಯ ಬದಿಗೆ ನಿಂತಿತ್ತು. ನಮ್ಮಲ್ಲಿಗೆ ಬಂದಾಗ ನಾನು ಒಂದು ಪೆಟ್ಟಿಗೆ ಬಿಚ್ಚಿಸಿ ಒಳಗೆ ಕೈಯಿಟ್ಟೆ. ತಂಪಿಗೆಂದು ಇಟ್ಟಿದ್ದ ಮಂಜುಗಡ್ಡೆಯ ಚೀಲಗಳು ಸ್ನಾನದ ನೀರಿನಷ್ಟು ಬೆಚ್ಚಗಿದ್ದವು. ಔಷಧ ಮಾತ್ರ ಹೇಗಿರಬೇಕೋ ಹಾಗೇ ಇತ್ತು. ಕೆಟ್ಟ ಇನ್ಸುಲಿನ್ ಹಾಲಿನಂತೆ ಒಡೆಯುವುದಿಲ್ಲ, ವಾಸನೆ ಬರುವುದಿಲ್ಲ. ಸೀಸೆಯನ್ನು ಬೆಳಕಿಗೆ ಹಿಡಿದರೆ ಏನೂ ತಿಳಿಯದಿರಬಹುದು. ತಿಳಿಯುವುದು ಚುಚ್ಚಿಕೊಂಡವರ ಮೈಯಲ್ಲಿ, ಅದೂ ನಿಧಾನವಾಗಿ.

ಇಡೀ ಮಾಲನ್ನು ತಡೆಹಿಡಿದೆ. ಕೋಲ್ಡ್ ರೂಮಿನ ಹಿಂದಿನ ಕಪಾಟಿಗೆ ಹಾಕಿಸಿ, ಹಗ್ಗ ಸುತ್ತಿ, ಕಾರ್ಖಾನೆಯ ಅಭ್ಯಾಸದಂತೆ ಕೆಂಪು ಚೀಟಿ ಕಟ್ಟಿದೆ. ಪರದೆಯ ಮೇಲೆ ಕೆಂಪು ಪಟ್ಟಿ ಎದ್ದಿತು. ತಯಾರಕರಿಗೆ ಬರೆದು ಕೇಳಬೇಕು ಎಂದು ಮುಖ್ಯಸ್ಥರಿಗೆ ತಿಳಿಸಿದೆ.

ಯಜಮಾನರು ಕೊಳ್ಳುತ್ತಿದ್ದದ್ದು ಅದೇ ಔಷಧ. ನಮ್ಮ ಬೀದಿಯ ಅಂಗಡಿಗೆ ಮಾಲು ಹೋಗುತ್ತಿದ್ದದ್ದು ನಮ್ಮ ಗೋದಾಮಿನಿಂದಲೇ. ಅವತ್ತು ಸಂಜೆ ಫ್ರಿಜ್ಜಿನ ಬಾಗಿಲಿನಲ್ಲಿದ್ದ ಸೀಸೆ ತೆಗೆದು ಅದರ ಬ್ಯಾಚ್ ನಂಬರು ನೋಡಿದೆ. ಹಳೆಯ ಮಾಲು.

“ಏನು ಅಷ್ಟು ನೋಡಾಕತ್ತಿ?” ಎಂದರು ಯಜಮಾನರು.

“ಏನಿಲ್ರಿ. ಇದು ಮುಗಿದ್ ಮ್ಯಾಲ ಹೊಸಾದು ತರೂ ಮುಂದ ನನಗ ಹೇಳ್ರಿ.”

“ಯಾಕ, ನೀ ಬೇರೆ ಏನರ ಬೆರಸಿ ಕೊಡಾಕಿ ಇದ್ದೀ ಏನು?”

ತಮಾಷೆಯ ಮಾತು. ನಗಲಿಕ್ಕೆ ಆಗಲಿಲ್ಲ.

ಮುಖ್ಯಸ್ಥರು ಒಂದೆರಡು ಸಲ ಫೋನ್ ಮಾಡಿದರು. ಎಲ್ಲ ಕಡೆ ಮಾಲಿನ ಕೊರತೆ ಇದೆ, ತಯಾರಕರು ಬಾಯಿಮಾತಿನಲ್ಲಿ ಸರಿ ಎಂದಿದ್ದಾರೆ, ತಡೆ ಬಿಡಬಹುದಲ್ಲ ಎಂದರು. ಬರಹದಲ್ಲಿ ಬರಲಿ ಸರ್, ಆ ಕ್ಷಣ ಬಿಡುತ್ತೇನೆ ಎಂದೆ. “ಖಂಡಿತ, ಖಂಡಿತ” ಎಂದರು. ಬರಹ ಬರಲಿಲ್ಲ. ಸೋಮವಾರ ಬೆಳಗ್ಗೆ ‘ಮುಂದುವರಿಸು’ ಒತ್ತಿದೆ. ಇನ್ನೊಂದು ವಾರ ಸಿಕ್ಕಿತು.

ಮಂಗಳವಾರ ಪುಟ ತೆರೆದಾಗ ತಡೆಯ ಚೌಕ ಮೇಲಿರಲಿಲ್ಲ. ಕೆಳಗಿನ ಸಾಲಿಗೆ ಹೋಗಿತ್ತು. ನನ್ನ ಕೈ ತಾಗಿರಬೇಕು ಎಂದುಕೊಂಡು ಮೇಲಕ್ಕೆ ಎಳೆದು ಕೂರಿಸಿದೆ. ಬುಧವಾರ ಮತ್ತೆ ಕೆಳಗಿತ್ತು, ಅದೂ ಅಂಗೈಯಷ್ಟಿದ್ದದ್ದು ಅಂಚೆಚೀಟಿಯಷ್ಟಾಗಿತ್ತು. ಪಟ್ಟಿಯ ಕೆಂಪು ತೆಳ್ಳಗಿನ ಗೆರೆಯಾಗಿತ್ತು. ಎಳೆದು ದೊಡ್ಡದು ಮಾಡಲು ನೋಡಿದೆ, ಆಗಲಿಲ್ಲ. ಗುರುವಾರ ಚೌಕವೇ ಇರಲಿಲ್ಲ. ಅದರ ಜಾಗದಲ್ಲಿ, ನಿಮ್ಮ ಅನುಕೂಲಕ್ಕಾಗಿ ನಿಮ್ಮ ಪುಟವನ್ನು ಸರಳಗೊಳಿಸಲಾಗಿದೆ ಎಂದು ಇಂಗ್ಲಿಷಿನಲ್ಲಿ ಒಂದು ಸಾಲು.

ಮನೆಗೆ ಬೀಗ ಹಾಕಿ ಹೋಗಿ, ಬಂದು ನೋಡಿದರೆ ಬೀಗ ಹಾಗೇ ಇದ್ದು ಒಳಗಿನ ಮಂಚ ಮಾತ್ರ ಬೇರೆ ಕಡೆ ಸರಿದಿದ್ದರೆ ಹೇಗಾದೀತು, ಹಾಗಾಯಿತು. ಎದ್ದು ಮಹಡಿಯ ಮೇಲೆ ಅಡ್ಮಿನ್ ಕೋಣೆಗೆ ಹೋದೆ.

“ನಾ ಮಾಡಿಲ್ರಿ ಅಕ್ಕಾರ,” ನಾನು ಬಾಯಿ ತೆರೆಯುವ ಮೊದಲೇ ಆತ ಹೇಳಿದ.

“ಅಂಗಳ ಒರಸಾಂಗಿಲ್ಲ ಅಂದಿದ್ದೆಲ್ಲ?”

“ನಾ ಒರಸಿಲ್ರಿ. ನೋಡ್ರಿ ಇಲ್ಲಿ.”

ತನ್ನ ಪರದೆಯನ್ನು ನನ್ನ ಕಡೆ ತಿರುಗಿಸಿದ. ಅದರಲ್ಲಿ ನನ್ನ ಪುಟ ಇತ್ತು. ನನ್ನ ಮೇಜಿನ ಮೇಲೆ ಹೇಗಿತ್ತೋ ಹಾಗೇ. ಒಂದು ಹೆಸರು ಒತ್ತಿದ, ಬಿಲ್ಲಿಂಗಿನ ಹುಡುಗಿಯ ಹೂವು ಬಂತು. ಇನ್ನೊಂದು ಒತ್ತಿದ, ಮೇಸ್ತ್ರಿಯ ಲಾರಿಗಳು. ಯಾರ ಪುಟವನ್ನು ಬೇಕಾದರೂ ಅವರ ಕಣ್ಣಿಂದಲೇ ನೋಡಬಹುದು, ಬದಲಿಸಬಹುದು, ಬೀಗ ಹಾಕಬಹುದು ಎಂದ. ಇಷ್ಟು ದಿನ ಆ ಅಧಿಕಾರ ಇದ್ದದ್ದು ಆತನೊಬ್ಬನಿಗೆ.

“ಈಗ?”

“ಈಗ ಇಬ್ಬರಿಗೆ ಐತ್ರಿ.”

ಎರಡನೆಯವರು ಯಾರು ಎಂದು ಆತ ಹೇಳಬೇಕಾಗಿರಲಿಲ್ಲ. ಆದರೆ ಒಂದು ಮಾತು ಹೇಳಿದ. ಬದಲಾಗಿದ್ದದ್ದು ನನ್ನ ಪುಟವೊಂದೇ. ಹೂವು ಹಾಗೇ ಇತ್ತು, ಲಾರಿಗಳೂ ಹಾಗೇ ಇದ್ದವು.

ಹೋಮ್ ಪೇಜಿನಲ್ಲಿ ಚೌಕ ಇಲ್ಲದಿದ್ದರೇನು, ಮೆನುವಿನಿಂದ ಮೆನುವಿಗೆ ಇಳಿದು ತಡೆಹಿಡಿದ ಮಾಲಿನ ಜಾಗಕ್ಕೆ ಹೋಗುವ ಸುತ್ತುದಾರಿ ಒಂದಿತ್ತು. ಗುರುವಾರ ಆ ದಾರಿಯಿಂದ ಹೋಗಿ ನೋಡಿದೆ. ಇನ್ಸುಲಿನ್ ಅಲ್ಲಿತ್ತು. ತಡೆ ಸೋಮವಾರ ಸಂಜೆಯವರೆಗೆ. ಹೊಸದಾಗಿ ಒತ್ತಲು ಅವಧಿಯ ಕೊನೆಯ ದಿನವೇ ಬರಬೇಕು, ಮೊದಲೇ ಒತ್ತಿದರೆ ಗುಂಡಿ ಕೆಲಸ ಮಾಡುತ್ತಿರಲಿಲ್ಲ. ಸೋಮವಾರ ಹೀಗೇ ಬಂದು ಒತ್ತಿದರಾಯಿತು ಎಂದುಕೊಂಡೆ. ಶುಕ್ರವಾರ ಅದೇ ದಾರಿಯಲ್ಲಿ ಹೋದರೆ ಆ ಪುಟ ನೋಡಲು ನಿಮಗೆ ಅನುಮತಿ ಇಲ್ಲ ಎಂದು ಬಂತು.

ಆಗ ಎಲ್ಲವೂ ತಿಳಿಯಿತು. ತಡೆ ಬಿಡು ಎಂದು ನನಗೆ ಯಾರೂ ಆಜ್ಞೆ ಮಾಡುವುದಿಲ್ಲ. ಮುಖ್ಯಸ್ಥರು ತಾವೂ ಬಿಡುವುದಿಲ್ಲ, ಬಿಟ್ಟರೆ ಹೆಸರು ಉಳಿಯುತ್ತದೆ. ನನ್ನ ಕಣ್ಣಿನಿಂದ ಅದನ್ನು ತೆಗೆದುಬಿಟ್ಟರೆ ಸಾಕು. ಸೋಮವಾರ ಸಂಜೆ ಅದು ತಾನಾಗಿ ಕಳಚಿಕೊಳ್ಳುತ್ತದೆ. ಮಂಗಳವಾರ ಲಾರಿ ಹೊರಡುತ್ತದೆ.

ಮುಖ್ಯಸ್ಥರಿಗೆ ಬರೆದೆ. ನೋಡುತ್ತೇವೆ ಎಂದು ಮರುತ್ತರ ಬಂತು, ಕೊನೆಯಲ್ಲಿ ನಗುವ ಮುಖದ ಗುರುತು. ಶೇಠಜಿಯ ಅಂಗಡಿಗೆ ಫೋನ್ ಮಾಡಿದೆ. ಕಂಪನಿಯ ವಿಷಯವಾದರೆ ಮುಖ್ಯಸ್ಥರ ಮೂಲಕವೇ ಬರಬೇಕು ಎಂದು ಅಲ್ಲಿ ಲೆಕ್ಕ ಬರೆಯುವ ಮುನೀಮರು ಮರ್ಯಾದೆಯಿಂದಲೇ ಫೋನ್ ಇಟ್ಟರು.

ಶನಿವಾರ ಬೆಳಗ್ಗೆ ಕೋಲ್ಡ್ ರೂಮಿನ ಬಾಗಿಲು ತೆಗೆದು ಎಂದಿನಂತೆ ಹಿಂದಿನ ಕಪಾಟಿಗೆ ಹೋಗಿ ಕೈಯಿಟ್ಟೆ. ಕೈಗೆ ಬರಿ ತಣ್ಣನೆಯ ಕಬ್ಬಿಣ ತಾಗಿತು. ಕಪಾಟು ಖಾಲಿ. ಪೆಟ್ಟಿಗೆಗಳು ಬಾಗಿಲ ಪಕ್ಕದಲ್ಲಿ, ಹೊರಗೆ ಹೋಗುವ ಮಾಲಿನ ಸಾಲಿನಲ್ಲಿ ಅಚ್ಚುಕಟ್ಟಾಗಿ ಕೂತಿದ್ದವು. ಹಗ್ಗ ಇಲ್ಲ, ಚೀಟಿ ಇಲ್ಲ. ಮೇಸ್ತ್ರಿಯನ್ನು ಕರೆದೆ. ಸೇಡಂ ಕಡೆಯವನು, ಸುಳ್ಳು ಹೇಳಿ ಅಭ್ಯಾಸವಿಲ್ಲದವನು.

“ಸಾಹೇಬ್ರು ನಿನ್ನೆ ಸಂಜಿಮುಂದ ಬಂದಿದ್ರು ಅಕ್ಕಾರ. ಚೀಟಿ ತಗೀರಿ, ಸೋಮವಾರಕ್ಕ ರೆಡಿ ಇಡ್ರಿ ಅಂದ್ರು. ನಾ ಕೇಳಿದ್ನಿ, ಅಕ್ಕಾರಿಗೆ ಗೊತ್ತೈತೇನ್ರಿ ಅಂತ.”

“ಏನಂದ್ರು?”

“ಅವರಿಗೆ ಈ ಚಿಂತಿ ಬ್ಯಾಡ ಅಂತನ ಮಾಡಾಕತ್ತೀನಿ ಅಂದ್ರು. ಭಾಳ ಚಲೋ ಮಾತಾಡ್ತಾರ್ರಿ ಅವರು.”

ಪೆಟ್ಟಿಗೆಗಳನ್ನು ಹಿಂದಕ್ಕೆ ಹಾಕಿಸಿದೆ. ಹೊಸ ಚೀಟಿ ಕಟ್ಟಿದೆ. ಅದರಿಂದ ಏನೂ ಆಗುವುದಿಲ್ಲ ಎಂದು ಗೊತ್ತಿತ್ತು. ಲಾರಿಗೆ ಮಾಲು ಹೇರುವವರು ನೋಡುವುದು ಪರದೆಯನ್ನು, ನನ್ನ ಚೀಟಿಯನ್ನಲ್ಲ.

ಮಧ್ಯಾಹ್ನ ಹಿಂಬದಿಯ ಪಡಸಾಲೆಯಲ್ಲಿ ನಾವು ಕನ್ನಡದವರು ಒಟ್ಟಿಗೆ ಊಟಕ್ಕೆ ಕೂರುವುದು ರೂಢಿ. ಅವತ್ತು ಅಡ್ಮಿನ್, ಮೇಸ್ತ್ರಿ, ನಾನು. ರೊಟ್ಟಿ, ಪುಂಡಿಪಲ್ಲೆ, ಶೇಂಗಾ ಹಿಂಡಿ.

“ಅಡ್ಮಿನ್ ಸಾಹೇಬ್ರ, ಎಲ್ಲಾರಿಗೂ ಒಂದ ಪುಟಾ ಮಾಡಾಕತ್ತೀರಂತಲ್ಲ,” ಎಂದ ಮೇಸ್ತ್ರಿ. “ನನ್ನ ಲಾರಿ ಎಲ್ಲಿ ಹೋಗ್ತಾವು?”

“ಎರಡನೇ ಪುಟಕ್ಕ.”

“ಅಲ್ಲಿಗೆ ಹೋಗಾಕ ಬಸ್ ಐತೇನ್ರಿ?”

ಅಡ್ಮಿನ್ ನಗಲಿಲ್ಲ. ರೊಟ್ಟಿ ಮುರಿದು ಕೈಯಲ್ಲೇ ಹಿಡಿದುಕೊಂಡಿದ್ದ. ಸೋಮವಾರದಿಂದ ಒಂದೇ ಪುಟ, ಎಲ್ಲರಿಗೂ ಬೀಗ ಎಂದು ಆಜ್ಞೆ ಬಂದಿತ್ತು. ಯಾರೂ ಒಂದು ಚೌಕವನ್ನೂ ಸರಿಸುವಂತಿಲ್ಲ. ಮಾದರಿ ಪುಟವೊಂದನ್ನು ಮಾಡಿ, ಅದನ್ನು ಎಲ್ಲರ ಮೇಲೂ ಹೊರಿಸುವ ಕೆಲಸ ಆತನದು. ಮೇಸ್ತ್ರಿ ಕೈ ತೊಳೆಯಲು ಎದ್ದ ಮೇಲೆ ನಾನು ಪೆಟ್ಟಿಗೆಗಳ ವಿಷಯ ಹೇಳಿದೆ. ಯಜಮಾನರು ಅದೇ ಔಷಧ ತೆಗೆದುಕೊಳ್ಳುವುದನ್ನೂ ಹೇಳಿದೆ.

“ಚೌಕ ಒಂದು ನನಗ ತಿರುಗಿ ಕೊಡಾಕ ಬರಂಗಿಲ್ಲೇನು ತಮ್ಮಾ?”

“ನಾ ಕೊಟ್ಟರ ಅವರು ಮತ್ತ ತಗೀತಾರ್ರಿ. ಯಾವಾಗ ನೋಡಿದ್ರೂ ನಿಮ್ಮ ಪುಟಾನ ತಗದು ನೋಡ್ತಿರ್ತಾರ.” ಆಮೇಲೆ ಸಂಬಂಧವಿಲ್ಲದ ಒಂದು ಮಾತು ಕೇಳಿದ. “ಅಕ್ಕಾರ, ಶೇಠಜಿ ಅವರಿಗೂ ಇದ ಪುಟ ಹೋಗ್ತೈತಿ ನೋಡ್ರಿ. ಅವರು ಮುಂಜಾನೆ ಅಂಗಡಿ ಭಾಳ ಲಗೂನ ತಗೀತಾರಂತ, ಖರೇನ?”

“ಹೌದಂತ. ಸಾಹೇಬರು ಆಫೀಸಿಗೆ ಬರೂದರೊಳಗ ಅವರದು ಬೋಣಿ ಆಗಿರ್ತೈತಿ.”

“ಹಂಗಾದ್ರ ಸರಿ,” ಎಂದ. ರೊಟ್ಟಿ ತಿಂದ.

ಭಾನುವಾರ ನಮ್ಮ ಮನೆಯ ಸೀಸೆ ತಳ ಕಂಡಿತು. ಯಜಮಾನರು ಚೀಲ ಹಿಡಿದು ಅಂಗಡಿಗೆ ಹೊರಟರು. ನಾನೂ ಜೊತೆಗೆ ಹೋದೆ. ಅಂಗಡಿಯವನು ಫ್ರಿಜ್ಜಿನಿಂದ ಉಳಿದಿದ್ದ ಹಳೆಯ ಮಾಲಿನ ಸೀಸೆಯೊಂದನ್ನು ಕೊಟ್ಟು ತೆಲುಗಿನಲ್ಲಿ ಹೇಳಿದ: ಇದೇ ಕೊನೆಯದಮ್ಮಾ, ಮಂಗಳವಾರ ಬೇಕಾದಷ್ಟು ಹೊಸ ಮಾಲು ಬರುತ್ತದೆ, ನಿಮ್ಮ ಗೋದಾಮಿನವರೇ ಫೋನ್ ಮಾಡಿ ತಿಳಿಸಿದ್ದಾರೆ. ಹಿಂದೆ ಸರತಿಯಲ್ಲಿ ನಿಂತಿದ್ದ ಹೆಂಗಸೊಬ್ಬಳು ಅದೇ ಔಷಧ ಕೇಳಿದಳು. ಮಂಗಳವಾರ ಬಾ ಎಂದ. ಸರಿ ಎಂದು ಹೋದಳು. ಅವಳನ್ನು ನಿಲ್ಲಿಸಿ ನಾನು ಏನು ಹೇಳಲಿ?

ಸೋಮವಾರ ಎಂದಿಗಿಂತ ಬೇಗ ಹೋದೆ. ಕೋಲ್ಡ್ ರೂಮಿನ ಬಾಗಿಲಿಗೆ ಅಡ್ಡ ಕುರ್ಚಿ ಹಾಕಿಕೊಂಡು ಕೂರುವುದು ಎಂದು ತೀರ್ಮಾನಿಸಿದ್ದೆ. ಬೇರೆ ಉಪಾಯ ತೋಚಿರಲಿಲ್ಲ. ಅದಕ್ಕೆ ಮೊದಲು ಅಭ್ಯಾಸದಂತೆ ಕಂಪ್ಯೂಟರ್ ಹಚ್ಚಿದೆ.

ಪುಟ ತೆರೆಯಿತು. ಮೇಲಿನ ಅಂಚಿನಿಂದ ಅರ್ಧ ಪರದೆಯವರೆಗೆ ಕೆಂಪು. ತಡೆಹಿಡಿದ ಮಾಲು, ಇನ್ಸುಲಿನ್, ಬ್ಯಾಚ್ ನಂಬರು, ಕಾರಣದ ಜಾಗದಲ್ಲಿ ನಾನೇ ಬರೆದಿದ್ದ ಮಾತು: ದಾರಿಯಲ್ಲಿ ಬಿಸಿಯಾಗಿದೆ. ಬಲತುದಿಯಲ್ಲಿ ‘ಮುಂದುವರಿಸು’. ಒತ್ತಿದೆ. ಒಬ್ಬೊಬ್ಬರಾಗಿ ಬಂದವರು ತಮ್ಮ ಪುಟ ತೆರೆದಂತೆ ಸುತ್ತಲೂ ನೋಡಿದೆ. ಬಿಲ್ಲಿಂಗಿನ ಮೇಜಿನ ಮೇಲೂ ಕೆಂಪು, ಸಾಗಣೆಯವನ ಮೇಜಿನ ಮೇಲೂ ಕೆಂಪು. ಸಾಲಾಗಿ ಎಲ್ಲ ಪರದೆಗಳೂ ಒಂದೇ ಬಣ್ಣ. ಕೋಣೆಯ ಬಿಳಿ ಗೋಡೆಗೂ ಆ ಬಣ್ಣ ಸ್ವಲ್ಪ ಹತ್ತಿದಂತಿತ್ತು.

“ಅಕ್ಕಾರ, ಇದೇನ್ರಿ ಇದು, ಬೆಂಕಿ ಹತ್ತಿದಂಗ,” ಎಂದ ಮೇಸ್ತ್ರಿ. “ಗುಂಡಿ ಇತ್ತು, ನಾನೂ ಒತ್ತೀನ್ರಿ.”

“ಒಳ್ಳೇದಾತು.”

“ತಗದ ಹಾಕಾಕ ನೋಡಿದ್ನಿ, ಬರವಲ್ತು.”

ಬರುವಂತಿರಲಿಲ್ಲ. ಎಲ್ಲರ ಪುಟಕ್ಕೂ ಬೀಗ ಬಿದ್ದಿತ್ತು, ಆಜ್ಞೆಯಾದಂತೆ. ಅಡ್ಮಿನ್ ಮಾದರಿ ಪುಟವನ್ನು ತನ್ನ ಪುಟದಿಂದಲೇ ನಕಲು ಮಾಡಿದ್ದ, ಅದರ ಅನುಮತಿಗಳೂ ಜೊತೆಗೇ ಎಲ್ಲರಿಗೂ ಬಂದಿದ್ದವು. ನನಗೆ ಚೌಕ ಏಕೆ ಕಾಣುತ್ತಿಲ್ಲವೆಂದು ಪರೀಕ್ಷಿಸಲು ಅದೇ ಚೌಕವನ್ನು ಆತ ತನ್ನ ಪುಟದಲ್ಲಿ ಎಲ್ಲಕ್ಕಿಂತ ಮೇಲೆ ಇಟ್ಟುಕೊಂಡಿದ್ದ. ತೆಗೆಯಲು ಮರೆತಿದ್ದ. ಆಮೇಲೆ ಎಲ್ಲರಿಗೂ ಆತ ಹೇಳಿದ್ದು ಇಷ್ಟೇ.

ಸ್ವಲ್ಪ ಹೊತ್ತಿಗೆ ನನ್ನ ಮೇಜಿನ ಫೋನ್ ಕೂಗಿತು. ಹಿಂದಿಯಲ್ಲಿ, ಮುದಿ ದನಿ. “ಬೆಹನ್‌ಜಿ, ಈ ಲಾಲ್ ಏನು?” ಎಂದು ಕೇಳಿದರು ಶೇಠಜಿ. ಹೇಳಿದೆ. ಅರ್ಧಕ್ಕೇ “ನಾನು ಬರುತ್ತೇನೆ” ಎಂದು ಫೋನ್ ಇಟ್ಟರು.

ಬಿಳಿ ಧೋತರ, ಕರಿ ಟೋಪಿ. ಗೋದಾಮಿನ ಮೆಟ್ಟಿಲು ಹತ್ತಲು ಇಬ್ಬರು ಹಿಡಿದುಕೊಳ್ಳಬೇಕಾಯಿತು. ಅಷ್ಟರಲ್ಲಿ ಮುಖ್ಯಸ್ಥರೂ ಬಂದು ಅವರ ಹಿಂದೆ ನಿಂತಿದ್ದರು. ಎಂದಿನ ಮುಗುಳ್ನಗೆ ಮುಖದಲ್ಲೇ ಇತ್ತು. ಕೋಲ್ಡ್ ರೂಮಿನ ಬಾಗಿಲಲ್ಲಿ ಶೇಠಜಿಗೆ ನನ್ನ ಶಾಲು ಹೊದಿಸಿದೆ. ಹಿಂದಿನ ಕಪಾಟಿನ ಬಳಿ ಹೋಗಿ ಅವರು ಪೆಟ್ಟಿಗೆಯ ಮೇಲೆ ಕೈಯಿಟ್ಟರು.

“ಇದಕ್ಕೆ ಕೆಂಪು ಹಚ್ಚಿದವರು ಯಾರು?”

“ನಾನು,” ಎಂದೆ.

“ನಿಮ್ಮ ಮನೆಯವರಿಗೆ ಇದನ್ನು ಕೊಡುತ್ತೀರಾ?”

“ಇಲ್ಲ.”

“ಸರ್, ತಾಂತ್ರಿಕ ವಿಷಯ,” ಎಂದರು ಮುಖ್ಯಸ್ಥರು. “ಪರದೆಯಲ್ಲಿ ಒಂದು ಸಣ್ಣ ತಪ್ಪಾಗಿದೆ ಅಷ್ಟೆ. ಸಂಜೆಯೊಳಗೆ ಎಲ್ಲ ಹಸಿರಾಗುತ್ತದೆ.”

ಶೇಠಜಿ ತಿರುಗಿಯೂ ನೋಡಲಿಲ್ಲ. “ಬೋಣಿಯ ಹೊತ್ತಿನಲ್ಲಿ ಕೆಂಪು ಕಂಡ ಮಾಲು ನನ್ನ ಅಂಗಡಿಯಿಂದ ಹೊರಗೆ ಹೋಗುವುದಿಲ್ಲ. ನನ್ನ ಅಪ್ಪನ ಕಾಲದಲ್ಲೂ ಹೋಗಿಲ್ಲ. ಸುಟ್ಟುಹಾಕಿ.”

ಎದೆಯ ಮೇಲಿನ ಭಾರ ಇಳಿಯಬೇಕಾಗಿತ್ತು. ಅವರನ್ನು ಕಾರಿನವರೆಗೆ ಬಿಡಲು ಹೋದಾಗ ಕೇಳದಿದ್ದರೆ ಇಳಿಯುತ್ತಿತ್ತೋ ಏನೋ. ಕೇಳಿದೆ: “ಶೇಠಜಿ, ಇದೇ ಪಟ್ಟಿ ಮಧ್ಯಾಹ್ನ ಕಂಡಿದ್ದರೆ?”

ಅವರಿಗೆ ನನ್ನ ಪ್ರಶ್ನೆ ವಿಚಿತ್ರವೆನಿಸಿತು. “ಮಧ್ಯಾಹ್ನ ನಾನೇಕೆ ಪರದೆ ನೋಡಲಿ? ಅದಕ್ಕೆಲ್ಲ ಇವರಿದ್ದಾರಲ್ಲ,” ಎಂದು ಮುಖ್ಯಸ್ಥರ ಭುಜ ತಟ್ಟಿ ಕಾರು ಹತ್ತಿದರು.

ಮಾಲು ಸುಡುವ ಕಡೆಗೆ ಲಾರಿಯಲ್ಲಿ ನಾನೂ ಹೋದೆ. ಬೇಕಿಲ್ಲ ಎಂದರು, ಕೇಳಲಿಲ್ಲ. ಚಾಲಕನ ಪಕ್ಕ ಕೂತು ಹೋಗಿ, ಕೊನೆಯ ಪೆಟ್ಟಿಗೆ ಕುಲುಮೆಯೊಳಗೆ ಬೀಳುವವರೆಗೆ ನಿಂತು ನೋಡಿ ಬಂದೆ. ಗಾಜು ಸಿಡಿಯುವ ಸಣ್ಣ ಸಣ್ಣ ಸದ್ದು ಬಹಳ ಹೊತ್ತು ಕೇಳುತ್ತಿತ್ತು.

ಮಂಗಳವಾರ ಎಲ್ಲ ಪರದೆಗಳೂ ಹಸಿರಾಗಿದ್ದವು. ಅಡ್ಮಿನ್ ಕೋಣೆಯಲ್ಲಿ ಬೇರೆ ಯಾರೋ ಕೂತಿದ್ದರು. ಆತನಿಂದ ತಪ್ಪೊಪ್ಪಿಗೆ ಬರೆಸಿಕೊಂಡು ಅವತ್ತು ಬೆಳಗ್ಗೆಯೇ ಕೆಲಸದಿಂದ ತೆಗೆದು ಕಳಿಸಿದ್ದರು. ಬಸ್ ಸ್ಟಾಪಿನಲ್ಲಿ ಸಿಕ್ಕ. ಕೈಯಲ್ಲಿ ಊಟದ ಡಬ್ಬಿ ಮಾತ್ರ.

“ಖರೇನ ಮರ್ತಿದ್ದಿ ಏನಪಾ?” ಎಂದು ಕೇಳಿದೆ.

“ತಪ್ಪಾಗಿ ಆತು ಅಂತ ಬರದು ಕೊಟ್ಟೀನ್ರಿ ಅಕ್ಕಾರ. ಬರದು ಕೊಟ್ಟ ಮ್ಯಾಲ ಅದ ಖರೆ.” ಬಸ್ಸು ಬಂತು, ಹತ್ತಿದ. ಹತ್ತಿದವನು ಬಾಗಿಲಲ್ಲಿ ತಿರುಗಿ, “ನಿಮ್ಮ ಯಜಮಾನ್ರಿಗೆ ನಮಸ್ಕಾರ ಹೇಳ್ರಿ,” ಎಂದ.

ನನ್ನ ಚೌಕ ತಿರುಗಿ ಬರಲಿಲ್ಲ. ಕೇಳಿದ್ದಕ್ಕೆ ಮುಖ್ಯಸ್ಥರು ಕುರ್ಚಿ ಕೊಟ್ಟು ಕೂರಿಸಿ, ಚಹಾ ತರಿಸಿ, ಈ ವಯಸ್ಸಿನಲ್ಲಿ ಅಷ್ಟು ಹೊಣೆ ನಿಮಗೇಕೆ, ತಡೆಯ ಕೆಲಸ ಇನ್ನು ಮೇಲೆ ನಾನೇ ನೋಡಿಕೊಳ್ಳುತ್ತೇನೆ ಎಂದರು. ಬೋಣಿಯ ಹೊತ್ತಿಗೆ ಶೇಠಜಿಯ ಪುಟದಲ್ಲಿ ಕೆಂಪು ಬಣ್ಣವೇ ಬಾರದ ಹಾಗೆ ಮಾಡಿಸಿದ್ದೇನೆ, ಹಿರಿಯರ ಮನಸ್ಸಿಗೆ ನೋವಾಗಬಾರದು ಎಂದೂ ಹೇಳಿದರು.

ಮಳೆಗಾಲ ಶುರುವಾಗುವ ಮೊದಲು ಇನ್ನೊಂದು ವ್ಯಾನು ತಡವಾಗಿ ಬಂತು. ಕಣ್ಣಿನ ಔಷಧ. ಪೆಟ್ಟಿಗೆಯೊಳಗೆ ಕೈಯಿಟ್ಟೆ, ಬೆಚ್ಚಗಿತ್ತು. ಪರದೆಯಲ್ಲಿ ತಡೆಹಿಡಿಯಲು ಜಾಗವಿರಲಿಲ್ಲ. ಕೆಂಪು ಚೀಟಿ ಕಟ್ಟಿ, ಮುಖ್ಯಸ್ಥರಿಗೆ ತಿಳಿಸಿ, ಮನೆಗೆ ಹೋದೆ. ಬೆಳಗ್ಗೆ ಕೈಯಿಟ್ಟಾಗ ಮತ್ತೆ ಬರಿ ಕಬ್ಬಿಣ. ಈ ಸಲ ಬಾಗಿಲ ಪಕ್ಕದ ಸಾಲಿನಲ್ಲೂ ಏನೂ ಇರಲಿಲ್ಲ.

ಔಷಧ ಇಲಾಖೆಗೆ ದೂರು ಕೊಟ್ಟೆ. ಇನ್‌ಸ್ಪೆಕ್ಟರರು ಬಂದರು, ಸಜ್ಜನರು, ತಡೆಹಿಡಿದ ಮಾಲು ತೋರಿಸಿ ಎಂದರು. ನನ್ನ ಪುಟ ತೆರೆದು ತೋರಿಸಿದೆ. ಬಿಲ್ಲಿಂಗಿನವರದು ತೋರಿಸಿದರು, ಸಾಗಣೆಯವನದು ತೋರಿಸಿದರು. ಎಲ್ಲ ಒಂದೇ, ಎಲ್ಲ ಹಸಿರು. “ಏನೂ ಇಲ್ಲವಲ್ಲಮ್ಮಾ,” ಎಂದು ಬರೆದುಕೊಂಡು ಹೋದರು. ನಾನು ರಾಜೀನಾಮೆ ಬರೆದು, ಕೀಲಿಕೈಗಳನ್ನು ಸಾಲಾಗಿ ಮೇಜಿನ ಮೇಲಿಟ್ಟು ಬಂದೆ.

ಅಡ್ಮಿನ್ ಈಗ ಮಿಯಾಪುರದ ಕಡೆ ಇದ್ದಾನೆ. ಯುಗಾದಿಗೆ ಫೋನ್ ಮಾಡುತ್ತಾನೆ. ಆ ಕಂಪನಿ ಇನ್ನೂ ದೊಡ್ಡದಾಗಿದೆ, ನಮ್ಮ ಬೀದಿಯ ಅಂಗಡಿಗೆ ಮಾಲು ಈಗಲೂ ಅಲ್ಲಿಂದಲೇ ಬರುತ್ತದೆ. ಸೀಸೆ ಮನೆಗೆ ಬಂದ ಕೂಡಲೇ ನಾನು ಬ್ಯಾಚ್ ನಂಬರು ನೋಡುತ್ತೇನೆ. ನೋಡಿ ಏನು ಮಾಡುವುದು? ಯಾವುದರ ಜೊತೆ ತಾಳೆ ನೋಡುವುದು? ಸೀಸೆಯನ್ನು ಅಂಗೈಯಲ್ಲಿ ಹಿಡಿಯುತ್ತೇನೆ. ಅಂಗಡಿಯವನ ಫ್ರಿಜ್ಜಿನಿಂದ ಬಂದದ್ದು, ತಣ್ಣಗೇ ಇರುತ್ತದೆ.

“ಆತೇನು ನಿನ್ನ ತಪಾಸಣಿ?” ಎನ್ನುತ್ತಾರೆ ಯಜಮಾನರು, ಅಂಗಿಯ ಅಂಚು ಮೇಲೆತ್ತಿಕೊಂಡು. “ತಾ ಇತ್ತಾಗ, ಊಟದ ಹೊತ್ತಾತು.”

ಕೊಡುತ್ತೇನೆ.